ರಾಮಮನೋಹರ ಲೋಹಿಯಾ

ಡಾ. ರಾಮಮನೋಹರ ಲೋಹಿಯಾ (23 ಮಾರ್ಚ್ 1910 – 12 ಅಕ್ಟೋಬರ್ 1967) ಸ್ವಾತಂತ್ರ್ಯ ಹೋರಾಟಗಾರರು, ಸಮಾಜವಾದಿ ಚಿಂತಕರು ಹಾಗೂ ಲೋಕಸಭಾ ಸದಸ್ಯರು. ಹಳ್ಳಿಯ ಬಡವನ ದಿನದ ಆದಾಯವೆಷ್ಟು ಎಂಬ ಪ್ರಶ್ನೆಯನ್ನು ಸಂಸತ್ತಿನ ಮುಂದಿಟ್ಟು, ಪಂಚವಾರ್ಷಿಕ ಯೋಜನೆಗಳ ಫಲ ಯಾರಿಗೆ ಸಂದಿತೆಂದು ಸರ್ಕಾರವನ್ನು ಪ್ರಶ್ನಿಸಿದವರಲ್ಲಿ ಇವರು ಪ್ರಮುಖರು.

ಜೀವನ

ಲೋಹಿಯಾ ಅವರು ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ ಜನಿಸಿದರು. ಬನಾರಸ್ ಮತ್ತು ಕಲ್ಕತ್ತಾಗಳಲ್ಲಿ ಓದಿ, ಬರ್ಲಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸ್ಥಾಪಕರೊಡನೆ ಸೇರಿದರು. 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದು, ಬಳಿಕ ಸೆರೆಸಿಕ್ಕಿ ಲಾಹೋರ್ ಕೋಟೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು.

ಸ್ವಾತಂತ್ರ್ಯಾನಂತರ ಅವರ ಗಮನ ರೈತರತ್ತ ಹರಿಯಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿ ಭತ್ತವನ್ನು ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದುದೇ ಅಲ್ಲಿಯ ಮುಖ್ಯ ದೂರು. ಆ ಹೋರಾಟಕ್ಕೆ ಬಂದ ಲೋಹಿಯಾ ಅವರನ್ನು ಬಂಧಿಸಲಾಯಿತು. 1954ರಲ್ಲಿ ಉತ್ತರ ಪ್ರದೇಶ ಸರ್ಕಾರ ಕಾಲುವೆ ನೀರಿನ ದರ ಏರಿಸಿದಾಗ, ಹೆಚ್ಚಿನ ದರ ಕೊಡಬೇಡಿರೆಂದು ಫರೂಖಾಬಾದ್‌ನಲ್ಲಿ ರೈತರಿಗೆ ಕರೆಯಿತ್ತು ಮತ್ತೆ ಸೆರೆಯಾದರು. ಅವರನ್ನು ಬಂಧಿಸಲು ಬಳಸಿದ 1932ರ ಕಾಯಿದೆಯ ವಿಧಿ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 1960ರಲ್ಲಿ ತೀರ್ಪಿತ್ತಿತು.

ಮೂರಾಣೆಯ ಚರ್ಚೆ

1962ರಲ್ಲಿ ಫೂಲ್‌ಪುರದಲ್ಲಿ ನೆಹರೂ ಅವರ ವಿರುದ್ಧ ಸೋತ ಲೋಹಿಯಾ, ಮರುವರ್ಷ ಅದೇ ಫರೂಖಾಬಾದ್‌ನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆ ಪ್ರವೇಶಿಸಿದರು. ಆಗಸ್ಟ್ ತಿಂಗಳಲ್ಲಿ ಆಚಾರ್ಯ ಕೃಪಲಾನಿ ಮಂಡಿಸಿದ ಅವಿಶ್ವಾಸ ನಿರ್ಣಯದ ಮೇಲೆ ಮಾತನಾಡುತ್ತ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಸಾರಿದರು. ದಶಮಾಂಶ ನಾಣ್ಯ 1957ರಲ್ಲಿಯೇ ಬಂದಿದ್ದರೂ ಜನರ ಲೆಕ್ಕ ಇನ್ನೂ ಆಣೆಯಲ್ಲಿಯೇ ನಡೆಯುತ್ತಿತ್ತು. ಪ್ರಧಾನಿ ನೆಹರೂ ಅವರು ತಲಾ ಆದಾಯ ಹದಿನೈದಾಣೆ ಎಂದು ಉತ್ತರಿಸಿದರು. ಅದು ಶ್ರೀಮಂತರನ್ನೂ ಕೂಡಿಸಿಕೊಂಡ ಸರಾಸರಿಯೆಂಬುದು ಲೋಹಿಯಾ ಅವರ ಆಕ್ಷೇಪ; ತಾವು ಹೇಳುತ್ತಿರುವುದು ಕೆಳಗಿನ ನೂರಕ್ಕೆ ಅರವತ್ತು ಜನರ ಮಾತು ಎಂದು ಅವರು ವಾದಿಸಿದರು. ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ಚರ್ಚೆ ನಡೆದಾಗ, ಆ ವರ್ಗಕ್ಕೆ ಏಳೂವರೆ ಆಣೆಯೆಂದು ಸಚಿವ ಗುಲ್ಜಾರಿಲಾಲ್ ನಂದಾ ತಿಳಿಸಿದರು.

ಮೂರಾಣೆಯ ಅಂಕಿಯನ್ನು ಸರ್ಕಾರ ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಏಳೂವರೆ ಆಣೆಯನ್ನೇ ಹಿಡಿದರೂ ತಿಂಗಳಿಗೆ ಸುಮಾರು 14 ರೂಪಾಯಿಯಷ್ಟೇ ಆಗುತ್ತದೆ. 1962ರಲ್ಲಿ ಯೋಜನಾ ಆಯೋಗದ ಕಾರ್ಯತಂಡವು ಕನಿಷ್ಠ ಜೀವನಕ್ಕೆ ಬೇಕೆಂದು ಗೊತ್ತುಮಾಡಿದ್ದು ತಲೆಗೆ ತಿಂಗಳಿಗೆ 20 ರೂಪಾಯಿ. ಹೀಗಾಗಿ ಸರ್ಕಾರದ ಉತ್ತರವೇ ಲೋಹಿಯಾ ಅವರ ವಾದದ ತಿರುಳಿಗೆ ಬಲ ನೀಡಿತೆನ್ನಬಹುದು.

ಸರ್ಕಾರಿ ಯೋಜನೆಗಳ ಕುರಿತ ನಿಲುವು

ಯೋಜನೆಯ ಹಣದ ನಾಲ್ಕನೆಯ ಒಂದು ಪಾಲು ಗ್ರಾಮ, ಜಿಲ್ಲೆ ಮತ್ತು ನಗರ ಪಂಚಾಯಿತಿಗಳ ಮೂಲಕವೇ ವೆಚ್ಚವಾಗಬೇಕು ಎಂಬುದು ಅವರ ಬೇಡಿಕೆಯಾಗಿತ್ತು. ಗ್ರಾಮ, ಜಿಲ್ಲೆ, ಪ್ರಾಂತ ಮತ್ತು ಕೇಂದ್ರ ಎಂಬ ನಾಲ್ಕು ಕಂಬಗಳ ಆಡಳಿತದ ಕಲ್ಪನೆ ಇದರ ಹಿಂದಿತ್ತು. ಲಾಭವಿಲ್ಲದ ಸಣ್ಣ ಹಿಡುವಳಿಗಳ ಕಂದಾಯ ರದ್ದಾಗಬೇಕು, ಪಾಳುಭೂಮಿಯ ಸಾಗುವಳಿಗೆ ಅನ್ನಸೇನೆ ಕಟ್ಟಬೇಕು, ಹಳ್ಳಿಗೆ ಒಗ್ಗುವ ಸಣ್ಣ ಯಂತ್ರಗಳು ಬೇಕು ಎಂದರು. ಬಡತನವನ್ನು ಅವರು ಹಣದಲ್ಲಿ ಮಾತ್ರ ಅಳೆಯಲಿಲ್ಲ. ಹಳ್ಳಿಯ ಹೆಂಗಸರಿಗೆ ಶೌಚಾಲಯ ಮತ್ತು ಹೊಗೆಯಿಲ್ಲದ ಒಲೆ ಬೇಕೆಂಬ ಅವರ ಒತ್ತಾಯವನ್ನು ಆ ಕಾಲದ ರಾಜಕಾರಣ ಗಂಭೀರವಾಗಿ ಪರಿಗಣಿಸಲಿಲ್ಲ.

1967ರಲ್ಲಿ ಕನೌಜ್ ಕ್ಷೇತ್ರದಿಂದ ಆಯ್ಕೆಯಾದ ಲೋಹಿಯಾ, ಅದೇ ವರ್ಷ ಶಸ್ತ್ರಚಿಕಿತ್ಸೆಯ ನಂತರ ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ನಿಧನರಾದರು. ಈಗ ಆ ಆಸ್ಪತ್ರೆಗೆ ಅವರದೇ ಹೆಸರಿದೆ. ಅವರ ಮರಣದ ನಾಲ್ಕು ವರ್ಷಗಳ ಬಳಿಕ, 1971ರಲ್ಲಿ, ದಾಂಡೇಕರ್ ಮತ್ತು ರಥ್ ಅವರ ಬಡತನ ಕುರಿತ ಅಧ್ಯಯನ ಪ್ರಕಟವಾಗಿ, ಲೋಕಸಭೆಯಲ್ಲಿ ಎದ್ದಿದ್ದ ಆ ಲೆಕ್ಕ ಅರ್ಥಶಾಸ್ತ್ರಜ್ಞರ ನಡುವಿನ ಚರ್ಚೆಯಾಗಿ ಮುಂದುವರಿಯಿತು.