ತೊರವಿಯ ಸುರಂಗ: ಸುಲ್ತಾನನ ಗುಪ್ತದಾರಿಯೇ, ನೀರಿನ ದಾರಿಯೇ?

ವಿಜಯಪುರದ ನೆಲದಡಿಯ ಸುರಂಗಗಳು ರಾಜರು ತಪ್ಪಿಸಿಕೊಳ್ಳಲು ಮಾಡಿಸಿದ ಗುಪ್ತದಾರಿಗಳು, ಅವುಗಳಲ್ಲಿ ನಿಧಿ ಇದೆ ಎಂಬ ಮಾತನ್ನು ನೀವೂ ಕೇಳಿರಬಹುದು. ತೊರವಿ ಸುರಂಗದ ಮಟ್ಟಿಗೆ ಇದು ನಿಜವಲ್ಲ. ಅಲ್ಲಿ ಹರಿಯುತ್ತಿದ್ದುದು ನಗರದ ಜನರಿಗೆ ಬೇಕಾದ ನೀರು. ಈ ನೀರಿನ ಕಥೆ ಒಂದನೇ ಅಲಿ ಆದಿಲ್ ಶಾಹನ ಕಾಲದಿಂದ ಶುರುವಾಗುತ್ತದೆ.

ಯಾರು ಈ ಅಲಿ?

ಬಿಜಾಪುರದ ಐದನೇ ಸುಲ್ತಾನ. ತಂದೆ ಒಂದನೇ ಇಬ್ರಾಹಿಂ ತೀರಿಕೊಂಡ ಮೇಲೆ 1558ರಲ್ಲಿ ಪಟ್ಟಕ್ಕೆ ಬಂದ. ಪುಸ್ತಕಗಳೆಂದರೆ ಅವನಿಗೆ ಪ್ರಾಣ. ಮೊದಲು ವಿಜಯನಗರದ ರಾಮರಾಯನ ಗೆಳೆಯನಾಗಿದ್ದವನು, 1565ರ ತಾಳಿಕೋಟೆ ಯುದ್ಧದಲ್ಲಿ ಅವನ ಎದುರೇ ನಿಂತು ಗೆದ್ದ. ಗೆಲುವಿನ ನಂತರ ರಾಜ್ಯ ಬೆಳೆಯಿತು, ರಾಜಧಾನಿಗೆ ಜನ ಬಂದು ಸೇರಿದರು. ಆದರೆ ಊರ ಬಳಿ ದೊಡ್ಡ ನದಿಯಿಲ್ಲ. ಕೃಷ್ಣಾ, ಭೀಮಾ ಎರಡೂ ದೂರ. ಇಷ್ಟು ಜನಕ್ಕೆ ನೀರು ಎಲ್ಲಿಂದ?

ಪಂಪ್ ಇಲ್ಲದೆ ನೀರು ಬಂದದ್ದು ಹೇಗೆ?

ನಗರದ ಪಶ್ಚಿಮಕ್ಕಿರುವ ತೊರವಿ ನಗರಕ್ಕಿಂತ ಎತ್ತರದಲ್ಲಿದೆ. ಅಲ್ಲಿಯ ನೀರನ್ನು ನೆಲದಡಿ ಕೊರೆದ ಕಾಲುವೆಯಲ್ಲಿ, ಸಣ್ಣ ಇಳಿಜಾರಿನಲ್ಲಿ ಹರಿಸಿದರು. ನೀರು ತಾನಾಗಿಯೇ ಊರಿಗೆ ಬಂತು. ಬಿಸಿಲಿಗೆ ಆರಲಿಲ್ಲ, ಶತ್ರುವಿನ ಕಣ್ಣಿಗೂ ಸುಲಭವಾಗಿ ಬೀಳಲಿಲ್ಲ. ಇದು ಇರಾನಿನಿಂದ ಬಂದ ‘ಕರೇಜ್’ ವಿದ್ಯೆ. ಬೀದರಿನಲ್ಲೂ ಇಂಥದ್ದಿದೆ. ಕರೇಜ್ ಉದ್ದಕ್ಕೂ ಬಾವಿಯಂಥ ಗುಂಡಿಗಳಿರುತ್ತವೆ. ಅಗೆದ ಮಣ್ಣು ಎತ್ತಲು, ಒಳಗೆ ಗಾಳಿಯಾಡಲು, ಮುಂದೆ ಹೂಳು ತೆಗೆಯಲು ಅವು ಬೇಕು.

1579ರಲ್ಲಿ ಅಲಿ ಹೆಂಡತಿ ಚಾಂದ್ ಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿ ಕಟ್ಟಿಸಿದ. ಸ್ವಲ್ಪ ಸಮಯದಲ್ಲೇ ಅವನ ಕೊಲೆಯಾಯಿತು. ಮಕ್ಕಳಿರಲಿಲ್ಲ. ತಮ್ಮನ ಮಗ ಎರಡನೇ ಇಬ್ರಾಹಿಂ ಇನ್ನೂ ಬಾಲಕನಾದ್ದರಿಂದ ಚಾಂದ್ ಬೀಬಿ ರಾಜ್ಯ ನೋಡಿಕೊಂಡಳು. ನೀರಿನ ಕೆಲಸ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಆದವು.

ನಾವೇನು ಮಾಡಬಹುದು?

ಇಂದು ಬಬಲೇಶ್ವರ, ತಿಕೋಟಾ ಕಡೆಗೆ ಕೃಷ್ಣೆಯ ನೀರನ್ನು ಪಂಪ್ ಹಚ್ಚಿ ಮೇಲೆತ್ತುತ್ತೇವೆ. ಕರೇಜ್‌ಗೆ ಕರೆಂಟ್ ಬೇಡ, ಆದರೆ ದಾರಿ ಸ್ವಚ್ಛವಾಗಿರಬೇಕು. ಒಂದು ಕಡೆ ಕಸ ತುಂಬಿದರೂ, ನಿಧಿಯ ಆಸೆಗೆ ಅಗೆದು ಮಣ್ಣು ಕುಸಿದರೂ ಅಲ್ಲಿಂದ ಮುಂದಕ್ಕೆ ನೀರು ಹೋಗದು. ನೀವು ಜೈನಾಪುರದವರಿರಲಿ, ವಿಜಯಪುರದವರಿರಲಿ, ಹಳೆಯ ಬಾವಡಿಗೆ, ಸುರಂಗದ ಗುಂಡಿಗೆ ಕಸ ಹಾಕಬೇಡಿ. ಗುಪ್ತದಾರಿಯ ಮೆಸೇಜ್ ಬಂದರೆ ಅದರ ಬದಲು ಇದನ್ನು ಕಳಿಸಿ.