ಔರಂಗಜೇಬನ ಲೇಖನಿ

ಎಲ್ಲೋರದ ಗುಹೆಗಳಿಗೆ ಸಮೀಪದಲ್ಲಿರುವ ಖುಲ್ತಾಬಾದ್‌ನಲ್ಲಿ ಮೊಗಲ್ ಚಕ್ರವರ್ತಿ ಔರಂಗಜೇಬನ ಸಮಾಧಿಯಿದೆ. ಅದರ ಮೇಲೆ ಗುಮ್ಮಟವಿಲ್ಲ. ಬಯಲಾದ ಆಕಾಶವೇ ಅದಕ್ಕೆ ಮಾಡು. 1618ರಲ್ಲಿ ದಾಹೋದ್‌ನಲ್ಲಿ ಜನಿಸಿದ ಈತನು 1658ರಲ್ಲಿ ಸಿಂಹಾಸನವನ್ನೇರಿ, 1686ರಲ್ಲಿ ನಮ್ಮ ವಿಜಾಪುರವನ್ನೂ ಗೆದ್ದನು. ಇಂತಹ ಚಕ್ರವರ್ತಿಯು ನುರಿತ ಲಿಪಿಕಾರನೂ ಆಗಿದ್ದನೆಂಬುದನ್ನು ನಮ್ಮಲ್ಲಿ ಅನೇಕರು ಅರಿಯೆವು.

ಬಾಲ್ಯದಿಂದಲೇ ಅವನು ನಸ್ಖ್ ಮತ್ತು ನಸ್ತಾಲೀಕ್ ಎಂಬ ಎರಡು ಬಗೆಯ ಬರಹಗಳನ್ನು ಅಭ್ಯಾಸ ಮಾಡಿದನು. ಅರಸನಾದ ಮೇಲೆ ಕುರಾನನ್ನು ಕಂಠಸ್ಥ ಮಾಡಿಕೊಂಡನು. ಅದನ್ನು ಸ್ವಹಸ್ತದಿಂದ ಬರೆದು ಮಕ್ಕಾ ಮದೀನಗಳಿಗೆ ಪ್ರತಿಗಳನ್ನು ಕಳುಹಿಸಿದನು.

ವರ್ಷಗಟ್ಟಲೆ ಪಳಗಿದ ಕೈಯಲ್ಲಿ ಒಂದು ವಿಚಿತ್ರ ಶಕ್ತಿಯುಂಟು. ರೇಖೆಯು ತುಸು ಓರೆಯಾಗುತ್ತಿದೆಯೆಂದು ಮನಸ್ಸು ಅರಿಯುವ ಮೊದಲೇ ಬೆರಳು ಅದನ್ನು ನೇರಗೊಳಿಸುತ್ತದೆ. ಸೈಕಲ್ಲು ಓಲಾಡಿದಾಗ ನಾವು ಯೋಚಿಸದೆಯೇ ಅದನ್ನು ಸರಿದೂಗಿಸುವುದಿಲ್ಲವೇ? 2010ರಲ್ಲಿ ಅಮೆರಿಕದ ವಿಜ್ಞಾನಿಗಳು ನುರಿತ ಬೆರಳಚ್ಚುಗಾರರ ಮೇಲೆ ಇದನ್ನು ಪರೀಕ್ಷಿಸಿದರು. ಅವರು ಸರಿಯಾಗಿ ಒತ್ತಿದ ಪದಗಳಲ್ಲಿ ಕೆಲವನ್ನು ಗಣಕಯಂತ್ರವು ಪರದೆಯ ಮೇಲೆ ತಪ್ಪಾಗಿ ತೋರಿಸಿತು; ತಪ್ಪಾಗಿ ಒತ್ತಿದವುಗಳಲ್ಲಿ ಕೆಲವನ್ನು ಗುಟ್ಟಾಗಿ ತಿದ್ದಿತು. ಮನಸ್ಸು ಪರದೆಯನ್ನೇ ನಂಬಿತು. ಬೆರಳುಗಳಾದರೋ ಮೋಸಹೋಗಲಿಲ್ಲ, ತಾವು ನಿಜವಾಗಿ ತಪ್ಪಿದ ಕಡೆಯಲ್ಲಿ ಮಾತ್ರ ವೇಗವನ್ನು ತಗ್ಗಿಸಿದವು. ಔರಂಗಜೇಬನ ಲೇಖನಿಯನ್ನು ನಡೆಸಿದ ಬೆರಳುಗಳೂ ಹೀಗೆಯೇ ತಮ್ಮನ್ನು ತಾವು ಕಾಯ್ದುಕೊಂಡಿರಬೇಕು.

ಆದರೆ ರಾಜ್ಯಭಾರದ ತಪ್ಪುಗಳನ್ನು ತಿದ್ದಬಲ್ಲ ಬೆರಳು ಯಾರಿಗೂ ಇಲ್ಲ. ಅವನು ತಂದೆಯಾದ ಷಹಜಹಾನನನ್ನು ಸೆರೆಯಲ್ಲಿಟ್ಟನು. ಸೋದರರೊಡನೆ ಯುದ್ಧ ಮಾಡಿದನು. ಬಾಳಿನ ಕೊನೆಯ ಇಪ್ಪತ್ತೈದು ವರ್ಷಗಳನ್ನು ದಖನ್ನಿನ ಯುದ್ಧಗಳಲ್ಲಿಯೇ ಕಳೆದನು. ಬೊಕ್ಕಸವು ಬರಿದಾಯಿತು, ಪ್ರಜೆಗಳು ಬಳಲಿದರು. ಮುಪ್ಪಿನಲ್ಲಿ ಮಕ್ಕಳಿಗೆ ಬರೆದ ಕಾಗದಗಳಲ್ಲಿ ಅವನು ಪಶ್ಚಾತ್ತಾಪವನ್ನು ತೋಡಿಕೊಂಡನು. ಆಗ ತಿದ್ದಿಕೊಳ್ಳಲು ಕಾಲವು ಉಳಿದಿರಲಿಲ್ಲ. 1707ರಲ್ಲಿ ಅಹಮದ್‌ನಗರದಲ್ಲಿ ಮರಣಹೊಂದಿದನು. ಅವನ ಇಚ್ಛೆಯಂತೆ ಶವವನ್ನು ಖುಲ್ತಾಬಾದ್‌ನಲ್ಲಿ ಸೂಫಿ ಸಂತ ಜೈನುದ್ದೀನರ ಸಮಾಧಿಯ ಬಳಿಯಲ್ಲಿ ಸರಳವಾಗಿ ಹೂಳಿದರು.

ವಿದ್ಯಾರ್ಥಿ ಮಿತ್ರರೇ, ದಿನದಿನವೂ ಬರೆದು ಕೈಯನ್ನು ಪಳಗಿಸೋಣ. ಅಕ್ಷರದ ಚಿಕ್ಕ ತಪ್ಪುಗಳನ್ನು ಅದು ತಾನಾಗಿಯೇ ತಿದ್ದಿಕೊಳ್ಳುವುದು. ನಡತೆಯ ತಪ್ಪುಗಳನ್ನಾದರೋ ಎಚ್ಚರದಿಂದ, ಕಾಲವಿರುವಾಗಲೇ, ನಾವೇ ತಿದ್ದಿಕೊಳ್ಳಬೇಕು.