ಗುಮ್ಮಟವನ್ನೇರಿಸಿದ ಅಕ್ಕಸಾಲಿಗ: ಫಿಲಿಪ್ಪೊ ಬ್ರುನೆಲ್ಲೆಸ್ಕಿ

ಭವ್ಯವಾದ ಕಟ್ಟಡವನ್ನು ಕಂಡವರು ಅದರ ಶಿಖರವನ್ನು ಕೊಂಡಾಡುವರು. ಕಟ್ಟುವಾಗ ನಿಲ್ಲಿಸಿ, ಮುಗಿದೊಡನೆ ಕಳಚಿ ಒಯ್ದ ಸಾರುವೆಯನ್ನು ನೆನೆಯುವವರು ವಿರಳ. ಇಟಲಿಯ ಫ್ಲಾರೆನ್ಸ್ ನಗರದ ಬ್ರುನೆಲ್ಲೆಸ್ಕಿಯ ಕೀರ್ತಿಯಲ್ಲಿ ಅರ್ಧಪಾಲಾದರೂ ಹೀಗೆ ಕಳಚಿ ಒಯ್ದ ಸಾಧನಗಳಿಗೇ ಸಲ್ಲತಕ್ಕದ್ದು.

ಈತನು ಜನಿಸಿದ್ದು 1377ರಲ್ಲಿ. ತಂದೆ ಪತ್ರಗಳನ್ನು ಬರೆದು ದೃಢೀಕರಿಸುವ ನೋಟರಿ. ಮಗನಾದರೋ ಅಕ್ಕಸಾಲೆಯ ಕೆಲಸ ಕಲಿತನು. 1401ರಲ್ಲಿ ನಗರದ ದೀಕ್ಷಾಸ್ನಾನ ಮಂದಿರದ ಕಂಚಿನ ಬಾಗಿಲುಗಳಿಗಾಗಿ ಏರ್ಪಟ್ಟ ಸ್ಪರ್ಧೆಯಲ್ಲಿ ಈತನಿಗೂ ಲೊರೆಂಜೊ ಗಿಬೆರ್ತಿ ಎಂಬ ತರುಣನಿಗೂ ಪೈಪೋಟಿ ನಡೆದು, ಕೆಲಸ ಗಿಬೆರ್ತಿಯ ಪಾಲಾಯಿತು.

1296ರಲ್ಲಿ ಆರಂಭವಾದ ಅಲ್ಲಿಯ ಮಹಾ ಇಗರ್ಜಿಯು ನೂರು ವರ್ಷ ಕಳೆದರೂ ಗುಮ್ಮಟವಿಲ್ಲದೆ ನಿಂತಿತ್ತು. ಸುಮಾರು 170 ಅಡಿ ಎತ್ತರದಲ್ಲಿ 140 ಅಡಿಗೂ ಮಿಗಿಲಾದ ಅಗಲವನ್ನು ಮುಚ್ಚಬೇಕಿತ್ತು. ಕಮಾನು ಕೂಡಿಕೊಳ್ಳುವವರೆಗೆ ಅದನ್ನು ಹೊರಲು ಕೆಳಗೆ ಮರದ ಅಚ್ಚು ಬೇಕು. ನಮ್ಮ ಗಾರೆಯವರು ಸೆಂಟ್ರಿಂಗ್ ಎನ್ನುವುದು ಇದನ್ನೇ. ಅಷ್ಟೆತ್ತರಕ್ಕೆ ಅಂಥ ಅಚ್ಚು ನಿಲ್ಲಿಸಲು ಮರವನ್ನು ಎಲ್ಲಿಂದ ತರುವುದು? 1418ರ ಸ್ಪರ್ಧೆಯಲ್ಲಿ ಬ್ರುನೆಲ್ಲೆಸ್ಕಿ ಅಚ್ಚಿಲ್ಲದೆಯೇ ಕಟ್ಟುವ ಯೋಜನೆಯನ್ನು ಮುಂದಿಟ್ಟನು. ಹಿರಿಯರಿಗೆ ಪೂರ್ಣ ನಂಬಿಕೆ ಬರಲಿಲ್ಲ. 1420ರಲ್ಲಿ ಕೆಲಸ ವಹಿಸಿದಾಗ ಅದೇ ಗಿಬೆರ್ತಿಯನ್ನು ಜೊತೆಗಾರನಾಗಿ ನೇಮಿಸಿದರು!

ಗುಮ್ಮಟಕ್ಕೆ ಎರಡು ಪದರ. ನಡುನಡುವೆ ನೆಟ್ಟಗೆ ನಿಲ್ಲಿಸಿದ ಇಟ್ಟಿಗೆಗಳು ಉಳಿದವನ್ನು ಜಾರದಂತೆ ಹಿಡಿಯುತ್ತಿದ್ದುದರಿಂದ ಒಂದೊಂದು ಸುತ್ತೂ ತನಗೆ ತಾನೇ ಆಧಾರವಾಗುತ್ತಿತ್ತು. ಕೆಲಸಗಾರರು ನಿಂತದ್ದು ನೆಲದಿಂದೆದ್ದ ಸಾರುವೆಯ ಮೇಲಲ್ಲ, ಗೋಡೆಗೇ ಸಿಕ್ಕಿಸಿದ ಅಟ್ಟಣಿಗೆಗಳ ಮೇಲೆ.

ಇನ್ನು ಕಲ್ಲು ಮೇಲೇರಬೇಕಲ್ಲ! ಅದಕ್ಕಾಗಿ 1421ರಲ್ಲಿ ಸಿದ್ಧವಾದ ಯಂತ್ರವನ್ನು ಎತ್ತುಗಳು ಸುತ್ತುತ್ತ ತಿರುಗಿಸುತ್ತಿದ್ದವು. ನಡುಗಂಬದಲ್ಲಿ ಮೇಲೊಂದು ಕೆಳಗೊಂದು ಹಲ್ಲುಗಾಲಿ. ತಿರುಪಿನಿಂದ ಕಂಬವನ್ನು ಏರಿಸಿ ಇಳಿಸಿದರೆ ಒಂದು ಗಾಲಿ ಬಿಟ್ಟು ಇನ್ನೊಂದು ಕಚ್ಚಿಕೊಳ್ಳುತ್ತಿತ್ತು. ಎತ್ತುಗಳು ಒಂದೇ ದಿಕ್ಕಿಗೆ ನಡೆಯುತ್ತಿರುವಂತೆಯೇ ಮೇಲೇರುತ್ತಿದ್ದ ಹಗ್ಗ ಕೆಳಗಿಳಿಯತೊಡಗುತ್ತಿತ್ತು. ನೊಗ ಬಿಚ್ಚಿ ಎತ್ತು ತಿರುಗಿಸುವ ಕಷ್ಟ ಬಲ್ಲ ನಮ್ಮ ರೈತರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು. ಮೇಲೇರಿದ ಕಲ್ಲನ್ನು ಅಡ್ಡಡ್ಡ ಸರಿಸಿ ಅದರ ಸ್ಥಾನದಲ್ಲಿಡಲು ಬೇರೊಂದು ಯಂತ್ರವನ್ನೂ ಆತನು ಕಲ್ಪಿಸಿದನು.

ಎಲ್ಲವೂ ಫಲಿಸಿತೆಂದಲ್ಲ. ಅಮೃತಶಿಲೆ ತರಲು ರಚಿಸಿ 1421ರಲ್ಲಿ ಹಕ್ಕುಪತ್ರವನ್ನೂ ಪಡೆದಿದ್ದ ದೋಣಿಯು ಮುಂದೆ ಸರಕಿನೊಡನೆ ಅರ್ನೊ ನದಿಯ ಪಾಲಾಯಿತು. ಗಾರೆಯವರ ಸಂಘಕ್ಕೆ ಸದಸ್ಯಶುಲ್ಕ ಕಟ್ಟಲಿಲ್ಲವೆಂದು 1434ರಲ್ಲಿ ಸೆರೆಯನ್ನೂ ಕಂಡನು. ಗುಮ್ಮಟ ಮುಗಿಯಲು ಎರಡೇ ವರ್ಷ ಉಳಿದಿದ್ದಾಗ! ಇಗರ್ಜಿಯ ಕಟ್ಟಡ ಮಂಡಳಿಯೇ ಬಿಡಿಸಿ ತಂದಿತು. ಕುಶಲ ಕಾಯಕಕ್ಕೆ ದೊರೆತ ಈ ಗೌರವ ವಿಚಿತ್ರವೇ ಸರಿ.

1436ರಲ್ಲಿ ಗುಮ್ಮಟ ಪೂರ್ಣವಾಯಿತು. ಅದರ ನೆತ್ತಿಯ ಕಳಶಮಂಟಪದ ಕೆಲಸ ಆಗತಾನೆ ಮೊದಲಾಗಿರಲು, 1446ರ ಏಪ್ರಿಲ್‌ನಲ್ಲಿ ಬ್ರುನೆಲ್ಲೆಸ್ಕಿ ತೀರಿಕೊಂಡನು. ತನ್ನ ಯುಕ್ತಿಗಳನ್ನು ಪರರಿಗೆ ಬಿಟ್ಟುಕೊಡದ ಸ್ವಭಾವದವನಾದ ಆತನ ಯಂತ್ರಗಳು ಕಾಲಾಂತರದಲ್ಲಿ ಕಣ್ಮರೆಯಾದವು. ಇಂದು ಅವುಗಳ ರೂಪವನ್ನು ತಿಳಿಸುವ ಚಿತ್ರಗಳಲ್ಲಿ ಕೆಲವು ದೊರೆತಿರುವುದು ಲೊರೆಂಜೊ ಗಿಬೆರ್ತಿಯ ಮೊಮ್ಮಗನ ಟಿಪ್ಪಣಿ ಪುಸ್ತಕದಲ್ಲಿ.